ಜೇಮ್ಸ್ ಜಾಯ್ಸ್: ಹೊಟ್ಟೆಯ ಹುಣ್ಣಿಗೆ ಬಲಿಯಾದ ಮಹಾ ಕಾದಂಬರಿಕಾರ

ಇಪ್ಪತ್ತನೆಯ ಶತಮಾನದ ಕಾದಂಬರಿ ಪ್ರಕಾರದ ದಿಕ್ಕನ್ನೇ ಬದಲಿಸಿದ ಐರಿಶ್ ಲೇಖಕ ಜೇಮ್ಸ್ ಜಾಯ್ಸ್ ಕೊನೆಯುಸಿರೆಳೆದದ್ದು 1941ರ ಜನವರಿ 13ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದ ಆಸ್ಪತ್ರೆಯೊಂದರಲ್ಲಿ. ಆಗ ಆತನಿಗೆ 58 ವರ್ಷ. ಮೂರು ದಶಕಗಳಿಗೂ ಹೆಚ್ಚು ಕಾಲ ಆತನನ್ನು ಕಾಡಿದ್ದು ಕಣ್ಣಿನ ಬೇನೆ. ಆದರೆ ಪ್ರಾಣ ತೆಗೆದದ್ದು ಹೊಟ್ಟೆ. ಸಣ್ಣ ಕರುಳಿನ ಆರಂಭದ ಭಾಗವಾದ ಡ್ಯುವೊಡಿನಮ್‌ನಲ್ಲಿ ಎದ್ದಿದ್ದ ಹುಣ್ಣು ಕರುಳನ್ನೇ ತೂತು ಮಾಡಿತ್ತು. ಅದಕ್ಕೂ ಮುನ್ನ ಹಲವು ವರ್ಷ ಆತ ಹೊಟ್ಟೆನೋವಿನಿಂದ ನರಳಿದ್ದ. ವೈದ್ಯರು ಅದನ್ನು ನರಗಳ ದೌರ್ಬಲ್ಯ ಎಂದು ಬಗೆದಿದ್ದರು.

ಜಾಯ್ಸ್ ಬದುಕಿನ ಕಥೆ ಸಾಹಿತ್ಯಾಸಕ್ತರಿಗೆ ಪರಿಚಿತವೇ. ಅದೇ ಬದುಕನ್ನು ಹೊಟ್ಟೆಯ ಹುಣ್ಣಿನ ದಿಕ್ಕಿನಿಂದ ನೋಡಿದರೆ ವೈದ್ಯಶಾಸ್ತ್ರವು ಒಂದು ಕಾಯಿಲೆಯ ಕಾರಣವನ್ನು ಎಷ್ಟು ದೀರ್ಘಕಾಲ ತಪ್ಪು ಜಾಗದಲ್ಲಿ ಹುಡುಕಿತು ಎಂಬುದೂ ತಿಳಿಯುತ್ತದೆ.

ಡಬ್ಲಿನ್‌ನ ಬಾಲ್ಯ

ಜೇಮ್ಸ್ ಜಾಯ್ಸ್ ಹುಟ್ಟಿದ್ದು 1882ರ ಫೆಬ್ರವರಿ 2ರಂದು, ಡಬ್ಲಿನ್ ನಗರದ ರಾತ್‌ಗಾರ್ ಬಡಾವಣೆಯಲ್ಲಿ. ತಂದೆ ಜಾನ್ ಸ್ಟಾನಿಸ್ಲಾಸ್ ಜಾಯ್ಸ್ ತೆರಿಗೆ ವಸೂಲಿ ಕಚೇರಿಯ ನೌಕರ. ಒಳ್ಳೆಯ ಹಾಡುಗಾರ, ಮಾತುಗಾರ, ಅಷ್ಟೇ ದೊಡ್ಡ ಕುಡುಕ. ತಾಯಿ ಮೇರಿ ಜೇನ್ ಸಂಗೀತ ಬಲ್ಲ, ದೈವಭಕ್ತಿಯುಳ್ಳ ಹೆಣ್ಣುಮಗಳು. ಉಳಿದುಕೊಂಡ ಹತ್ತು ಮಕ್ಕಳಲ್ಲಿ ಜೇಮ್ಸನೇ ಹಿರಿಯ.

ಆರಂಭದಲ್ಲಿ ಮನೆಯಲ್ಲಿ ಅನುಕೂಲವಿತ್ತು. 1888ರಲ್ಲಿ, ಇನ್ನೂ ಏಳು ತುಂಬುವ ಮೊದಲೇ, ಬಾಲಕನನ್ನು ಜೆಸ್ಯೂಟ್ ಪಾದ್ರಿಗಳು ನಡೆಸುತ್ತಿದ್ದ ಕ್ಲಾಂಗೋಸ್ ವುಡ್ ವಸತಿ ಶಾಲೆಗೆ ಸೇರಿಸಲಾಯಿತು. ಮೂರೇ ವರ್ಷಗಳಲ್ಲಿ ಶುಲ್ಕ ಕಟ್ಟಲಾಗದೆ ಶಾಲೆ ಬಿಡಬೇಕಾಯಿತು. ತಂದೆಯ ನೌಕರಿ ಹೋಯಿತು. ಕೈಗೆ ಬಂದದ್ದು ಸಣ್ಣ ಪಿಂಚಣಿ. ಅದರಲ್ಲಿ ಹೆಚ್ಚಿನ ಪಾಲು ಮದ್ಯದಂಗಡಿಗೆ ಸಲ್ಲುತ್ತಿತ್ತು. ಬಾಡಿಗೆ ಕಟ್ಟಲಾಗದೆ ಸಂಸಾರ ಮನೆಯಿಂದ ಮನೆಗೆ ಎತ್ತಂಗಡಿಯಾಗುತ್ತಿತ್ತು. ಪ್ರತಿ ಸಲವೂ ಹಿಂದಿನದಕ್ಕಿಂತ ಕಿರಿದಾದ ಮನೆ, ಹಿಂದಿನದಕ್ಕಿಂತ ಬಡ ಬಡಾವಣೆ. ಒಂದೇ ಹಾಸಿಗೆಯಲ್ಲಿ ಹಲವು ಮಕ್ಕಳು ಮಲಗುವ ಕಾಲ ಅದು. ಈ ಇಕ್ಕಟ್ಟಿನ ಬಾಲ್ಯವನ್ನು ಓದುಗರು ನೆನಪಿನಲ್ಲಿಡಬೇಕು. ಹುಣ್ಣಿನ ಕಥೆಗೆ ಇದರ ನಂಟಿದೆ.

1893ರಲ್ಲಿ ಜೆಸ್ಯೂಟರದೇ ಆದ ಬೆಲ್ವೆಡೇರ್ ಕಾಲೇಜಿನಲ್ಲಿ ಶುಲ್ಕವಿಲ್ಲದೆ ಓದುವ ಅವಕಾಶ ದೊರೆಯಿತು. ಅಲ್ಲಿಂದ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್. 1902ರಲ್ಲಿ ಪದವಿ. ಅದೇ ವರ್ಷ ತಮ್ಮ ಜಾರ್ಜ್ ತನ್ನ 14ನೆಯ ವಯಸ್ಸಿನಲ್ಲಿ ಟೈಫಾಯ್ಡ್‌ಗೆ ತುತ್ತಾದ. ಜ್ವರ ಇಳಿದರೂ ಹೊಟ್ಟೆಯೊಳಗಿನ ಪೊರೆಗೆ ಸೋಂಕು ಹರಡಿ ಹುಡುಗ ತೀರಿಕೊಂಡ. ಮುಂದೆ ಜಾಯ್ಸ್ ತನ್ನ ಮೊದಲ ಮಗನಿಗೆ ಇದೇ ತಮ್ಮನ ಹೆಸರನ್ನು ಇಟ್ಟ. ನಾಲ್ಕು ದಶಕಗಳ ತರುವಾಯ ಅಣ್ಣನನ್ನು ಬಲಿ ತೆಗೆದುಕೊಂಡದ್ದೂ ಅಂತಹದೇ ಉದರಪೊರೆಯ ಸೋಂಕು.

ವೈದ್ಯನಾಗಹೊರಟ ಯುವಕ

ಪದವಿ ಪಡೆದ ಜಾಯ್ಸ್‌ಗೆ ಮೊದಲು ಹೊಳೆದದ್ದು ವೈದ್ಯನಾಗುವ ವಿಚಾರ. ಹೊಟ್ಟೆಪಾಡಿಗೆ ವೈದ್ಯಕೀಯ, ಮನಸ್ಸಿನ ತೃಪ್ತಿಗೆ ಬರವಣಿಗೆ ಎಂಬುದು ಆತನ ಲೆಕ್ಕಾಚಾರ. ಡಬ್ಲಿನ್‌ನಲ್ಲಿ ಹೆಸರು ನೋಂದಾಯಿಸಿದ್ದೂ ಆಯಿತು. ಅಲ್ಲಿ ಮುಂದುವರಿಯಲಾಗದೆ 1902ರ ಕೊನೆಯಲ್ಲಿ ಪ್ಯಾರಿಸ್‌ಗೆ ಹೊರಟ. ಅಲ್ಲಿನ ವೈದ್ಯಕೀಯ ವಿದ್ಯಾಲಯದಲ್ಲಿ ಶುಲ್ಕವನ್ನು ಒಮ್ಮೆಲೇ ಕಟ್ಟಬೇಕೆಂದು ತಿಳಿದಾಗ ಆ ಕನಸೂ ಮುಗಿಯಿತು. ಉಪವಾಸದ ದಿನಗಳು ಆರಂಭವಾದವು. ಊಟವಿಲ್ಲದೆ ಕಳೆದ ಗಂಟೆಗಳ ಲೆಕ್ಕವನ್ನು ಮಗ ತಾಯಿಗೆ ಪತ್ರದಲ್ಲಿ ಬರೆಯುತ್ತಿದ್ದ. ಆಕೆ ಮನೆಯ ಸಾಮಾನು ಮಾರಿ ಹಣ ಕಳುಹಿಸುತ್ತಿದ್ದಳು.

1903ರ ಏಪ್ರಿಲ್‌ನಲ್ಲಿ ತಾಯಿ ಸಾವಿನಂಚಿನಲ್ಲಿದ್ದಾಳೆಂಬ ತಂತಿ ಬಂತು. ಸಾಲ ಮಾಡಿ ಊರಿಗೆ ಮರಳಿದ. ಆಗಸ್ಟ್‌ನಲ್ಲಿ ಆಕೆ ತೀರಿಕೊಂಡಳು. ಆಗಿನ್ನೂ ಆಕೆಗೆ 44 ವರ್ಷ.

ಮರುವರ್ಷ ಜಾಯ್ಸ್ ಬದುಕಿಗೆ ನೋರಾ ಬಾರ್ನಕಲ್ ಬಂದಳು. ಗಾಲ್ವೇ ಊರಿನ ಆಕೆ ಡಬ್ಲಿನ್‌ನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಳು. ಇಬ್ಬರೂ ಮೊದಲ ಬಾರಿಗೆ ಜತೆಯಾಗಿ ಸುತ್ತಾಡಲು ಹೋದ ದಿನ 1904ರ ಜೂನ್ 16. ಮುಂದೆ ‘ಯುಲಿಸೀಸ್’ ಕಾದಂಬರಿಯ ಇಡೀ ಕಥೆ ನಡೆಯುವುದು ಅದೇ ಒಂದು ದಿನದಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಮದುವೆಯಾಗದೆಯೇ, ಇಬ್ಬರೂ ಐರ್ಲೆಂಡ್ ತೊರೆದರು.

ಊರೂರು ಅಲೆದ ಸಂಸಾರ

ಜ್ಯೂರಿಚ್‌ನಲ್ಲಿ ಸಿಗಬೇಕಿದ್ದ ಕೆಲಸ ಸಿಗಲಿಲ್ಲ. ಏಡ್ರಿಯಾಟಿಕ್ ಕಡಲ ತೀರದ ಪೋಲಾ, ಬಳಿಕ ಟ್ರಿಯೆಸ್ಟ್ ನಗರಗಳಲ್ಲಿ ಬರ್ಲಿಟ್ಜ್ ಭಾಷಾ ಶಾಲೆಯ ಇಂಗ್ಲಿಷ್ ಮೇಷ್ಟರಾಗಿ ಜಾಯ್ಸ್ ದುಡಿದ. 1905ರಲ್ಲಿ ಮಗ ಜಾರ್ಜಿಯೊ, 1907ರಲ್ಲಿ ಮಗಳು ಲೂಸಿಯಾ ಹುಟ್ಟಿದರು. ನಡುವೆ ಕೆಲಕಾಲ ರೋಮ್‌ನ ಬ್ಯಾಂಕೊಂದರಲ್ಲಿ ಗುಮಾಸ್ತಗಿರಿ. ಸಂಬಳ ಸಾಲದು, ಸಾಲ ತೀರದು. ತಮ್ಮ ಸ್ಟಾನಿಸ್ಲಾಸ್ ಟ್ರಿಯೆಸ್ಟ್‌ಗೆ ಬಂದು ಅಣ್ಣನ ಸಂಸಾರಕ್ಕೆ ಹೆಗಲು ಕೊಟ್ಟ.

ಬರೆದದ್ದನ್ನು ಅಚ್ಚಿಗೆ ತರುವುದು ಮತ್ತೊಂದು ಹೋರಾಟವಾಗಿತ್ತು. ‘ಡಬ್ಲಿನರ್ಸ್’ ಕಥಾ ಸಂಕಲನವನ್ನು ಪ್ರಕಾಶಕರು ಒಪ್ಪಿ, ಹೆದರಿ, ಹಿಂದೆಗೆದು ವರ್ಷಗಟ್ಟಲೆ ಸತಾಯಿಸಿದರು. ಅದು ಬೆಳಕು ಕಂಡದ್ದು 1914ರಲ್ಲಿ. ಆತ್ಮಕಥಾನಕದ ಛಾಯೆಯ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆಸ್ ಎ ಯಂಗ್ ಮ್ಯಾನ್’ 1916ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಸಂಸಾರ ತಟಸ್ಥ ರಾಷ್ಟ್ರ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ಗೆ ಬಂತು. ಇಂಗ್ಲೆಂಡಿನ ಹ್ಯಾರಿಯಟ್ ಶಾ ವೀವರ್ ಎಂಬ ಮಹಿಳೆ ನೀಡತೊಡಗಿದ ಧನಸಹಾಯ ಮುಂದೆ ಆತನ ಬದುಕಿನ ದೊಡ್ಡ ಆಸರೆಯಾಯಿತು.

ದೇಹದ ಮಹಾಕಾವ್ಯ

1920ರಲ್ಲಿ ಜಾಯ್ಸ್ ಪ್ಯಾರಿಸ್‌ನಲ್ಲಿ ನೆಲೆಸಿದ. ತನ್ನ 40ನೆಯ ಹುಟ್ಟುಹಬ್ಬದಂದು, ಅಂದರೆ 1922ರ ಫೆಬ್ರವರಿ 2ರಂದು, ಪುಸ್ತಕ ವ್ಯಾಪಾರಿ ಸಿಲ್ವಿಯಾ ಬೀಚ್ ಪ್ರಕಟಿಸಿದ ‘ಯುಲಿಸೀಸ್’ ಆತನ ಕೈ ಸೇರಿತು. ಅಶ್ಲೀಲವೆಂಬ ಕಾರಣಕ್ಕೆ ಅಮೆರಿಕದಲ್ಲಿ ಈ ಕೃತಿಗೆ ನಿಷೇಧವಿತ್ತು. 1933ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಜಾನ್ ವೂಲ್ಸಿ ಅವರ ತೀರ್ಪು ಅದನ್ನು ತೆರವುಗೊಳಿಸಿತು.

ಈ ಕಾದಂಬರಿಯ ರಚನೆಯಲ್ಲೊಂದು ವಿಶೇಷವಿದೆ. ಆರಂಭದ ಕೆಲವನ್ನು ಬಿಟ್ಟರೆ ಪ್ರತಿಯೊಂದು ಅಧ್ಯಾಯಕ್ಕೂ ಜಾಯ್ಸ್ ಮನುಷ್ಯ ದೇಹದ ಒಂದೊಂದು ಅಂಗವನ್ನು ಗೊತ್ತುಮಾಡಿದ್ದ. ಮೂತ್ರಪಿಂಡ, ಹೃದಯ, ಶ್ವಾಸಕೋಶ, ಅನ್ನನಾಳ ಹೀಗೆ. ಹಸಿವು, ಊಟ, ಜೀರ್ಣ, ಮಲವಿಸರ್ಜನೆ ಎಲ್ಲವೂ ಅಲ್ಲಿ ಸಾಹಿತ್ಯದ ವಸ್ತುವಾದವು. ವೈದ್ಯನಾಗಲು ಹೊರಟು ಆಗದೇ ಹೋದವನು ದೇಹವನ್ನು ಮರೆತಿರಲಿಲ್ಲ.

ಆದರೆ ಆತನ ದೇಹ ಆತನಿಗೆ ಒಲಿದಿರಲಿಲ್ಲ. 1907ರಲ್ಲಿ ಟ್ರಿಯೆಸ್ಟ್‌ನಲ್ಲಿ ಬಂದ ಸಂಧಿವಾತ ಜ್ವರದ ಬಳಿಕ ಕಣ್ಣಿನ ಉರಿಯೂತ ಮರುಕಳಿಸುತ್ತಲೇ ಹೋಯಿತು. ಗ್ಲಾಕೋಮಾ ಸೇರಿಕೊಂಡಿತು. ಹತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಹುಳುಕು ಹಲ್ಲುಗಳ ವಿಷವೇ ಕಣ್ಣಿಗೆ ಏರುತ್ತದೆ ಎಂಬ ಅಂದಿನ ವೈದ್ಯರ ನಂಬಿಕೆಯಂತೆ 1923ರಲ್ಲಿ ಹಲ್ಲುಗಳನ್ನು ಕೀಳಿಸಿಕೊಂಡದ್ದೂ ಆಯಿತು. ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಜಾಯ್ಸ್‌ನ ಭಾವಚಿತ್ರ ಜಗತ್ತಿಗೆ ಪರಿಚಿತವಾದದ್ದು ಈ ವರ್ಷಗಳಲ್ಲೇ.

ನೋವು ಹೊಟ್ಟೆಯದು, ಹೊಣೆ ನರಗಳದು

1930ರ ದಶಕ ಜಾಯ್ಸ್ ಪಾಲಿಗೆ ಕಷ್ಟಗಳ ದಶಕ. 1931ರ ಡಿಸೆಂಬರ್‌ನಲ್ಲಿ ತಂದೆ ತೀರಿಕೊಂಡ. ಎರಡು ದಶಕ ಕಾಲ ಊರಿಗೆ ಹೋಗದ ಮಗನಿಗೆ ಅದು ದೊಡ್ಡ ಆಘಾತ. 1932ರಲ್ಲಿ ಮಗಳು ಲೂಸಿಯಾಳ ಮಾನಸಿಕ ಕಾಯಿಲೆ ಬಯಲಿಗೆ ಬಂತು. ನೃತ್ಯಗಾತಿಯಾಗಿ ಹೆಸರು ಮಾಡುತ್ತಿದ್ದ ಆ ಹುಡುಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವಂತಾಯಿತು. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅವರ ಬಳಿಗೂ 1934ರಲ್ಲಿ ಕರೆದೊಯ್ಯಲಾಯಿತು. ಫಲ ಸಿಗಲಿಲ್ಲ. ಮಗಳು ಗುಣವಾಗುತ್ತಾಳೆಂದು ಕೊನೆಯವರೆಗೂ ನಂಬಿದ್ದವನು ತಂದೆಯೊಬ್ಬನೇ. ಕೈಗೆ ಬಂದ ಹಣದ ಬಹುಪಾಲನ್ನು ಆತ ಆಕೆಯ ಚಿಕಿತ್ಸೆಗೇ ಸುರಿದ. ಇವೆಲ್ಲದರ ನಡುವೆ 1923ರಲ್ಲಿ ಆರಂಭಿಸಿದ ‘ಫಿನೆಗನ್ಸ್ ವೇಕ್’ ಮುಂದುವರಿಯುತ್ತಿತ್ತು. ಅದು 1939ರ ಮೇ ತಿಂಗಳಲ್ಲಿ ಪ್ರಕಟವಾಯಿತು.

ಇದೇ ಅವಧಿಯಲ್ಲಿ ಹೊಟ್ಟೆನೋವು ಪದೇ ಪದೇ ಬಂದು ಹಿಂಡತೊಡಗಿತು. ಊಟ ಕಡಿಮೆಯಾಯಿತು, ಮೈ ಸೊರಗಿತು. ಸಂಜೆ ತಪ್ಪದ ಬಿಳಿ ದ್ರಾಕ್ಷಾರಸ, ಸಿಗರೇಟು ಮಾತ್ರ ನಿಲ್ಲಲಿಲ್ಲ. ಪ್ಯಾರಿಸ್‌ನ ವೈದ್ಯರು ಪರೀಕ್ಷಿಸಿದರು. ಮಗಳ ಚಿಂತೆ, ಕಣ್ಣಿನ ಚಿಂತೆ, ಹಣದ ಚಿಂತೆ, ಮುಗಿಯದ ಪುಸ್ತಕದ ಚಿಂತೆ ಇರುವ ಮನುಷ್ಯನ ಹೊಟ್ಟೆನೋವಿಗೆ ನರಗಳಲ್ಲದೆ ಬೇರೇನು ಕಾರಣವಿದ್ದೀತು? ನರಗಳ ಏರುಪೇರಿನಿಂದ ಹೊಟ್ಟೆ ಸೆಟೆದುಕೊಳ್ಳುತ್ತಿದೆ ಎಂದು ನಿರ್ಧರಿಸಲಾಯಿತು. ಹುಣ್ಣು ಪತ್ತೆಯಾಗಲಿಲ್ಲ. ಜಾಯ್ಸ್ ಕೂಡ ಆ ಮಾತನ್ನು ಒಪ್ಪಿಕೊಂಡ.

ಆ ವೈದ್ಯರನ್ನು ಮಾತ್ರ ದೂರಿ ಫಲವಿಲ್ಲ. ಇಡೀ ಕಾಲದ ತಿಳಿವಳಿಕೆಯೇ ಹಾಗಿತ್ತು. ಆಮ್ಲವಿಲ್ಲದೆ ಹುಣ್ಣಿಲ್ಲ ಎಂಬ ಸೂತ್ರವನ್ನು ಕಾರ್ಲ್ ಶ್ವಾರ್ಟ್ಸ್ 1910ರಲ್ಲಿ ಮಂಡಿಸಿದ್ದರು. ಆಮ್ಲ ಹೆಚ್ಚುವುದು ಏಕೆಂದರೆ ಚಿಂತೆ, ಅವಸರದ ಬದುಕು, ಖಾರ ಊಟ, ಕುಡಿತ ಎಂಬ ಉತ್ತರಗಳು ಸಿದ್ಧವಾಗಿದ್ದವು. ಷಿಕಾಗೊದ ವೈದ್ಯ ಬರ್ಟ್ರಾಮ್ ಸಿಪ್ಪಿ 1915ರಲ್ಲಿ ಪ್ರಕಟಿಸಿದ ಪಥ್ಯವೇ ಹಲವು ದಶಕ ಚಾಲ್ತಿಯಲ್ಲಿತ್ತು. ಗಂಟೆಗೊಮ್ಮೆ ಹಾಲು ಮತ್ತು ಕೆನೆ, ನಡುನಡುವೆ ಆಮ್ಲ ತಗ್ಗಿಸುವ ಕ್ಷಾರದ ಪುಡಿ. ಇದರಿಂದ ನೋವು ತಗ್ಗುತ್ತಿತ್ತು, ಹುಣ್ಣು ಮಾತ್ರ ಮರಳಿ ಬರುತ್ತಿತ್ತು. ಇನ್ನೊಂದೆಡೆ ಫ್ರಾಂಜ್ ಅಲೆಕ್ಸಾಂಡರ್‌ರಂತಹ ಮನೋವಿಶ್ಲೇಷಕರು ಡ್ಯುವೊಡಿನಮ್ ಹುಣ್ಣನ್ನು ಮನಸ್ಸಿನ ಒಳತೋಟಿಯಿಂದ ಹುಟ್ಟುವ ಕಾಯಿಲೆಗಳ ಪಟ್ಟಿಗೆ ಸೇರಿಸಿದರು.

ಹುಣ್ಣು ಆ ದಿನಗಳಲ್ಲಿ ಅಪರೂಪದ ಕಾಯಿಲೆಯಾಗಿರಲಿಲ್ಲ. ಮೂಕಿ ಚಿತ್ರಗಳ ಆರಾಧ್ಯ ನಟ ರುಡಾಲ್ಫ್ ವ್ಯಾಲೆಂಟಿನೊ 1926ರಲ್ಲಿ ನ್ಯೂಯಾರ್ಕಿನಲ್ಲಿ ತೂತುಬಿದ್ದ ಹುಣ್ಣಿನ ತರುವಾಯದ ಸೋಂಕಿನಿಂದಲೇ ಸತ್ತ. ಆಗ ಆತನಿಗೆ ಕೇವಲ 31 ವರ್ಷ.

ಯುದ್ಧ ಮತ್ತು ಕೊನೆಯ ಪಯಣ

1939ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಜಾಯ್ಸ್ ದಂಪತಿ ವಿಷಿ ಪಟ್ಟಣದ ಸಮೀಪದ ಸೇಂಟ್ ಜೆರಾನ್ ಲೆ ಪುಯಿ ಎಂಬ ಹಳ್ಳಿ ಸೇರಿದರು. ಹೊಟ್ಟೆನೋವು ಅಲ್ಲಿಯೂ ಬಿಡಲಿಲ್ಲ. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತು ಜರ್ಮನ್ ಸೇನೆ ಒಳನುಗ್ಗಿತು. ಲೂಸಿಯಾ ಇದ್ದ ಚಿಕಿತ್ಸಾಲಯ ಅಟ್ಲಾಂಟಿಕ್ ಕರಾವಳಿಯ ಆಕ್ರಮಿತ ಪ್ರದೇಶದಲ್ಲಿ ಸಿಲುಕಿಕೊಂಡಿತು.

ಸಂಸಾರಸಮೇತ ಸ್ವಿಟ್ಜರ್ಲೆಂಡಿಗೆ ಹೋಗುವುದೊಂದೇ ದಾರಿ. ಸ್ವಿಸ್ ಅಧಿಕಾರಿಗಳು ಮೊದಲು ಅರ್ಜಿಯನ್ನು ತಿರಸ್ಕರಿಸಿದರು. ಜಾಯ್ಸ್ ಯಹೂದಿ ಎಂದು ಅವರು ಭಾವಿಸಿದ್ದರು. ನಾಜಿಗಳ ಕೈಯಿಂದ ಪಾರಾಗಲು ಹಲವು ಯಹೂದಿಗಳಿಗೆ ನೆರವಾಗಿದ್ದವನಿಗೇ ಈ ಗತಿ ಬಂದಿತ್ತು. ಜ್ಯೂರಿಚ್‌ನ ಗೆಳೆಯರು ಹಣದ ಖಾತರಿ ಕೊಟ್ಟರು, ಗಣ್ಯರು ಪತ್ರ ಬರೆದರು. ಕೊನೆಗೆ ಅನುಮತಿ ದೊರೆಯಿತು. ಲೂಸಿಯಾಳನ್ನು ಹೊರತರಲು ಸಿಕ್ಕಿದ್ದ ಪರವಾನಗಿಯನ್ನು ಮಾತ್ರ ಜರ್ಮನ್ನರು ರದ್ದುಪಡಿಸಿದರು. ಮಗಳನ್ನು ಹಿಂದೆ ಬಿಟ್ಟು 1940ರ ಡಿಸೆಂಬರ್ ಮಧ್ಯಭಾಗದಲ್ಲಿ ಜಾಯ್ಸ್, ನೋರಾ, ಜಾರ್ಜಿಯೊ ಮತ್ತು ಎಂಟು ವರ್ಷದ ಮೊಮ್ಮಗ ಸ್ಟೀಫನ್ ಜ್ಯೂರಿಚ್ ತಲುಪಿದರು. ಅಲ್ಲಿಂದಲೇ ಮಗಳನ್ನು ಕರೆಸಿಕೊಳ್ಳುವ ಪ್ರಯತ್ನ ಮುಂದುವರಿಸಬೇಕೆಂದು ತಂದೆ ಎಣಿಸಿದ್ದ. ಅದಕ್ಕೆ ಉಳಿದಿದ್ದ ಕಾಲ ನಾಲ್ಕು ವಾರ ಮಾತ್ರ.

ಜ್ಯೂರಿಚ್‌ನ ನಾಲ್ಕು ದಿನ

1941ರ ಜನವರಿ 9ರ ರಾತ್ರಿ ಜಾಯ್ಸ್ ಕ್ರೋನೆನ್‌ಹಾಲೆ ಎಂಬ ಹೋಟೆಲಿನಲ್ಲಿ ಊಟ ಮಾಡಿದ. ವಸತಿಗೃಹಕ್ಕೆ ಮರಳಿದ ಬಳಿಕ, ನಡುರಾತ್ರಿಯಲ್ಲಿ, ಸಹಿಸಲಾಗದ ಹೊಟ್ಟೆನೋವು ಆರಂಭವಾಯಿತು. ವೈದ್ಯರು ಬಂದು ಮಾರ್ಫಿನ್ ಕೊಟ್ಟರೂ ನೋವು ಇಳಿಯಲಿಲ್ಲ. 10ರಂದು ರೆಡ್‌ಕ್ರಾಸ್ ದಾದಿಯರ ಆಸ್ಪತ್ರೆಗೆ ಒಯ್ಯಲಾಯಿತು. ಎಕ್ಸ್‌ರೇ ತೆಗೆದಾಗ ಸತ್ಯ ಹೊರಬಿತ್ತು. ಡ್ಯುವೊಡಿನಮ್‌ನ ಹುಣ್ಣು ಒಡೆದು ತೂತಾಗಿತ್ತು. ಕರುಳಿನೊಳಗಿನ ಆಮ್ಲ, ಆಹಾರದ ಅಂಶ ಉದರದೊಳಗೆ ಸೋರುತ್ತಿತ್ತು.

ಜಾಯ್ಸ್ ಮೊದಲು ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಇದು ಕ್ಯಾನ್ಸರ್ ಇರಬಹುದೆಂಬ ಅನುಮಾನ ಆತನದು. ಖರ್ಚಿಗೆ ಹಣವೆಲ್ಲಿಂದ ತರುವುದೆಂಬ ಚಿಂತೆಯೂ ಇತ್ತು. ಮಗ ಒಪ್ಪಿಸಿದ. 11ರ ಬೆಳಿಗ್ಗೆ ಡಾ. ಹೈನ್ರಿಕ್ ಫ್ರೈಸ್ ಶಸ್ತ್ರಚಿಕಿತ್ಸೆ ನಡೆಸಿದರು. ರೋಗಿಗೆ ಎಚ್ಚರ ಮರಳಿತು, ಚೇತರಿಕೆಯ ಲಕ್ಷಣಗಳೂ ಕಂಡವು. 12ರಂದು ಮತ್ತೆ ಕುಸಿತ. ನ್ಯೂಶಾಟೆಲ್ ಪ್ರಾಂತ್ಯದ ಇಬ್ಬರು ಸ್ವಿಸ್ ಸೈನಿಕರ ರಕ್ತ ನೀಡಲಾಯಿತು. ಆ ಸೀಮೆಯ ದ್ರಾಕ್ಷಾರಸ ಜಾಯ್ಸ್‌ಗೆ ಅಚ್ಚುಮೆಚ್ಚು. ಇದು ಶುಭಶಕುನವೆಂದು ಆತ ಬಗೆದನಂತೆ.

ರಾತ್ರಿ ಮನೆಗೆ ಹೋಗುವಂತೆ ಹೆಂಡತಿ, ಮಗನಿಗೆ ವೈದ್ಯರು ಹೇಳಿದರು. ನಡುರಾತ್ರಿ ಕಳೆದು ಸುಮಾರು ಒಂದು ಗಂಟೆಗೆ ಎಚ್ಚರಗೊಂಡ ಜಾಯ್ಸ್ ಅವರಿಬ್ಬರನ್ನೂ ಕರೆಸುವಂತೆ ದಾದಿಗೆ ಹೇಳಿ ಮತ್ತೆ ಪ್ರಜ್ಞೆ ತಪ್ಪಿದ. ಅವರು ಬರುವಷ್ಟರಲ್ಲಿ, ಎರಡೂಕಾಲು ಗಂಟೆಗೆ, ಎಲ್ಲ ಮುಗಿದಿತ್ತು. ಉದರಪೊರೆಗೆ ಹರಡಿದ ಸೋಂಕೇ ಸಾವಿಗೆ ಕಾರಣವೆಂದು ಮರಣೋತ್ತರ ಪರೀಕ್ಷೆ ತಿಳಿಸಿತು.

ಅದಾದ ಒಂದೇ ತಿಂಗಳಿಗೆ, 1941ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಸೋಂಕಿನಿಂದ ಸಾಯುತ್ತಿದ್ದ ಪೊಲೀಸನೊಬ್ಬನಿಗೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟು ಪ್ರಯೋಗ ಆರಂಭಿಸಲಾಯಿತು. ಔಷಧ ಸಾಲದೆ ಆತನೂ ಉಳಿಯಲಿಲ್ಲ. ಆದರೆ ಆ್ಯಂಟಿಬಯಾಟಿಕ್‌ಗಳ ಯುಗ ಅಲ್ಲಿಂದ ತೆರೆದುಕೊಂಡಿತು.

ಜಾಯ್ಸ್ ಅಂತ್ಯಕ್ರಿಯೆ ಜನವರಿ 15ರಂದು ಫ್ಲುಂಟರ್ನ್ ಸ್ಮಶಾನದಲ್ಲಿ ನಡೆಯಿತು. ಪಾದ್ರಿಯೊಬ್ಬರು ಧಾರ್ಮಿಕ ವಿಧಿ ನಡೆಸಲು ಮುಂದೆ ಬಂದರೂ ನೋರಾ ಒಪ್ಪಲಿಲ್ಲ. ಗಂಡನಿಗೆ ಅದು ಹಿಡಿಸುತ್ತಿರಲಿಲ್ಲವೆಂಬುದು ಆಕೆಗೆ ಗೊತ್ತಿತ್ತು. ಐರ್ಲೆಂಡ್ ಸರಕಾರದ ಪ್ರತಿನಿಧಿಗಳು ಅತ್ತ ಸುಳಿಯಲಿಲ್ಲ.

ಪರ್ತ್ ನಗರದಿಂದ ಬಂದ ಉತ್ತರ

ಹುಣ್ಣಿನ ನಿಜವಾದ ಕಾರಣ ಗೊತ್ತಾಗಲು ಇನ್ನೂ ನಾಲ್ಕು ದಶಕ ಕಾಯಬೇಕಾಯಿತು. 1979ರಲ್ಲಿ ಆಸ್ಟ್ರೇಲಿಯಾದ ರಾಯಲ್ ಪರ್ತ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ರಾಬಿನ್ ವಾರನ್ ಅವರು ಜಠರದ ಅಂಗಾಂಶದ ತುಣುಕೊಂದರಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳನ್ನು ಕಂಡರು. ಜಠರದ ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದು ಎಂಬುದು ಅಲ್ಲಿಯವರೆಗಿನ ಪಾಠ. 1981ರಲ್ಲಿ ಯುವ ವೈದ್ಯ ಬ್ಯಾರಿ ಮಾರ್ಷಲ್ ಜತೆಗೂಡಿದರು. ಪ್ರಯೋಗಾಲಯದಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸುವ ಪ್ರಯತ್ನಗಳು ಸೋಲುತ್ತಲೇ ಇದ್ದವು. ಎರಡು ದಿನಕ್ಕೆ ತಟ್ಟೆಗಳನ್ನು ಎಸೆಯುವುದು ರೂಢಿ. 1982ರ ಏಪ್ರಿಲ್‌ನಲ್ಲಿ ಈಸ್ಟರ್ ರಜೆಯಿಂದಾಗಿ ತಟ್ಟೆಗಳು ಐದು ದಿನ ಹಾಗೇ ಉಳಿದವು. ಬ್ಯಾಕ್ಟೀರಿಯಾ ಬೆಳೆದಿತ್ತು!

ಅವರು ಪರೀಕ್ಷಿಸಿದ 100 ಮಂದಿಯಲ್ಲಿ ಡ್ಯುವೊಡಿನಮ್ ಹುಣ್ಣಿದ್ದವರು 13. ಅಷ್ಟೂ ಮಂದಿಯಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ವೈದ್ಯಲೋಕ ಆದರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಬ್ಯಾಕ್ಟೀರಿಯಾ ತುಂಬಿದ ದ್ರಾವಣವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಆರಂಭವಾಯಿತು, ಜಠರದಲ್ಲಿ ತೀವ್ರ ಉರಿಯೂತ ಕಂಡಿತು. ಮುಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರಾದ ಈ ಜೀವಿಯನ್ನು ಪತ್ತೆಹಚ್ಚಿದ್ದಕ್ಕಾಗಿ ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ವಾರನ್ 2024ರಲ್ಲಿ ನಿಧನರಾದರು.

ಜಾಯ್ಸ್‌ನ ಮಗಳು ಲೂಸಿಯಾ ತೀರಿಕೊಂಡದ್ದು ಅದೇ 1982ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಮಾನಸಿಕ ಆಸ್ಪತ್ರೆಯಲ್ಲಿ. ತಂದೆಯ ಹೊಟ್ಟೆನೋವಿಗೆ ಆಕೆಯ ಚಿಂತೆಯೇ ಕಾರಣವೆಂಬ ಮಾತು ಅಷ್ಟು ಹೊತ್ತಿಗೆ ಜೀವನಚರಿತ್ರೆಗಳಲ್ಲಿ ಬೇರೂರಿತ್ತು.

ಹುಣ್ಣು ಹುಟ್ಟುವ ಬಗೆ

ಹೆಲಿಕೋಬ್ಯಾಕ್ಟರ್ ಸಾಮಾನ್ಯವಾಗಿ ಬಾಲ್ಯದಲ್ಲೇ ದೇಹ ಸೇರುತ್ತದೆ. ಇಕ್ಕಟ್ಟಾದ ಮನೆ, ಹೆಚ್ಚು ಮಕ್ಕಳು, ಹಂಚಿಕೊಳ್ಳುವ ಹಾಸಿಗೆ, ಶುಚಿಯಿಲ್ಲದ ನೀರು ಇವೇ ಅದರ ಹಾದಿ. ಯೂರಿಯೇಸ್ ಎಂಬ ಕಿಣ್ವದ ಬಲದಿಂದ ತನ್ನ ಸುತ್ತಲಿನ ಆಮ್ಲವನ್ನು ಅದು ತಟಸ್ಥಗೊಳಿಸಿಕೊಳ್ಳುತ್ತದೆ. ಜಠರದ ಲೋಳೆಪದರದೊಳಗೆ ಹೊಕ್ಕು ದಶಕಗಳ ಕಾಲ ನೆಲೆಸುತ್ತದೆ. ಜಠರದ ಕೆಳಭಾಗದಲ್ಲಿ ಉರಿಯೂತವಾದಾಗ ಗ್ಯಾಸ್ಟ್ರಿನ್ ಹಾರ್ಮೋನು ಹೆಚ್ಚಿ ಆಮ್ಲ ಅಧಿಕವಾಗುತ್ತದೆ. ಆ ಆಮ್ಲ ಡ್ಯುವೊಡಿನಮ್‌ಗೆ ಇಳಿದು ಅಲ್ಲಿನ ಗೋಡೆಯನ್ನು ಕೊರೆಯುತ್ತದೆ. ಸೋಂಕು ತಗಲಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಹುಣ್ಣಾಗುತ್ತದೆ, ಇನ್ನೂ ಕೆಲವರಿಗೆ ಜಠರದ ಕ್ಯಾನ್ಸರ್ ಬರುತ್ತದೆ.

ಮರ್ವಿನ್ ಸಸರ್ ಮತ್ತು ಜೇನಾ ಸ್ಟೈನ್ ಎಂಬ ಸಂಶೋಧಕ ದಂಪತಿ 1962ರಲ್ಲಿ ಬ್ರಿಟನ್ನಿನ ಮರಣ ಅಂಕಿಅಂಶಗಳನ್ನು ಪರಿಶೀಲಿಸಿ ಒಂದು ವಿಚಿತ್ರವನ್ನು ಕಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ ತಲೆಮಾರನ್ನು ಹುಣ್ಣು ಜೀವನದುದ್ದಕ್ಕೂ ಹಿಂಬಾಲಿಸಿತ್ತು. ಬಳಿಕ ಹುಟ್ಟಿದವರಲ್ಲಿ ಅದು ಇಳಿಯುತ್ತಾ ಬಂದಿತ್ತು. ನಗರ ಜೀವನದ ಒತ್ತಡವೇ ಇದಕ್ಕೆ ಕಾರಣವೆಂದು ಅಂದು ಅರ್ಥೈಸಲಾಯಿತು. ಒತ್ತಡ ಮುಂದಿನ ತಲೆಮಾರುಗಳಿಗೆ ಕಡಿಮೆಯಾದದ್ದುಂಟೆ? ಬಾಲ್ಯದಲ್ಲಿ ತಗಲುವ ಸೋಂಕು ಎಂಬುದು ತಿಳಿದ ಮೇಲೆ ಆ ಒಗಟು ಬಿಡಿಸಿಕೊಂಡಿತು.

1882ರಲ್ಲಿ ಹುಟ್ಟಿ, ಹತ್ತು ಮಕ್ಕಳ ಬಡ ಮನೆಯಲ್ಲಿ ಬೆಳೆದ ಜಾಯ್ಸ್ ಅದೇ ತಲೆಮಾರಿನವನು. ಆತನ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇತ್ತೆಂದು ಸಾಬೀತುಪಡಿಸುವ ಪರೀಕ್ಷೆ ಅಂದು ಇರಲಿಲ್ಲ. ಇದ್ದಿರುವ ಸಂಭವ ಮಾತ್ರ ಬಹಳ ಹೆಚ್ಚು. ಧೂಮಪಾನ ಹುಣ್ಣಿನ ಅಪಾಯವನ್ನು ಹೆಚ್ಚಿಸುತ್ತದೆ, ಮಾಯುವುದನ್ನು ತಡೆಯುತ್ತದೆ. ಅದೂ ಆತನಿಗಿತ್ತು. ಮನಸ್ಸಿನ ತಳಮಳಕ್ಕೆ ಪಾತ್ರವೇ ಇಲ್ಲವೆಂದು ವೈದ್ಯರು ಇಂದಿಗೂ ಹೇಳುವುದಿಲ್ಲ. ಆದರೆ ಚಿಂತೆಯೊಂದೇ ಕರುಳನ್ನು ತೂತು ಮಾಡಿತೆಂಬ ವಾದ ಇಂದು ನಿಲ್ಲುವುದಿಲ್ಲ.

ಇಂದಿನ ಓದುಗರಿಗೆ

ಹುಣ್ಣಿಗೆ ಇಂದು ಎರಡು ಮುಖ್ಯ ಕಾರಣಗಳು. ಒಂದು ಹೆಲಿಕೋಬ್ಯಾಕ್ಟರ್ ಸೋಂಕು. ಇನ್ನೊಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವುನಿವಾರಕಗಳ ಬಳಕೆ. ಖಾರ ತಿಂದರೆ ಹುಣ್ಣಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಇರುವ ಹುಣ್ಣಿನ ಉರಿ ಖಾರದಿಂದ ಹೆಚ್ಚಬಹುದು, ಅಷ್ಟೆ. ಭಾರತದಲ್ಲಿ ವಯಸ್ಕರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಸೋಂಕು ಇದೆಯೆಂದು ಅಂದಾಜು. ಉಸಿರಿನ ಪರೀಕ್ಷೆ, ಮಲ ಪರೀಕ್ಷೆ ಅಥವಾ ಎಂಡೋಸ್ಕೋಪಿಯಿಂದ ಅದನ್ನು ಪತ್ತೆಹಚ್ಚಬಹುದು. ಆಮ್ಲ ತಗ್ಗಿಸುವ ಔಷಧದೊಂದಿಗೆ ಎರಡು ಅಥವಾ ಹೆಚ್ಚು ಆ್ಯಂಟಿಬಯಾಟಿಕ್‌ಗಳನ್ನು ಸಾಮಾನ್ಯವಾಗಿ ಎರಡು ವಾರ ಕೊಟ್ಟರೆ ಬಹುತೇಕರು ಗುಣವಾಗುತ್ತಾರೆ. ಹುಣ್ಣು ಮರುಕಳಿಸುವುದು ಅಪರೂಪ.

ತೊಂದರೆ ಇರುವುದು ಕಾಯಿಲೆಯನ್ನು ಗುರುತಿಸುವುದರಲ್ಲಿ. ಗ್ಯಾಸ್ಟ್ರಿಕ್ ಎಂದೋ ಟೆನ್ಷನ್ ಎಂದೋ ಹೆಸರಿಟ್ಟು ಔಷಧ ಅಂಗಡಿಯ ಮಾತ್ರೆ ನುಂಗಿ ವರ್ಷಗಟ್ಟಲೆ ದೂಡುವವರು ನಮ್ಮ ನಗರಗಳಲ್ಲಿ ಕಡಿಮೆಯಿಲ್ಲ. ವಾರಗಟ್ಟಲೆ ಬಿಡದ ಹೊಟ್ಟೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂತಹ ಕಪ್ಪು ಮಲ ಇವುಗಳಲ್ಲಿ ಯಾವುದು ಕಂಡರೂ ವೈದ್ಯರಲ್ಲಿಗೆ ಹೋಗಬೇಕು. ಹೊಟ್ಟೆ ಹಲಗೆಯಂತೆ ಬಿಗಿದು ಇದ್ದಕ್ಕಿದ್ದಂತೆ ಸಹಿಸಲಾಗದ ನೋವು ಬಂದರೆ ಬೆಳಗಾಗುವವರೆಗೆ ಕಾಯುವಂತಿಲ್ಲ.

ನೋರಾ 1951ರಲ್ಲಿ ಜ್ಯೂರಿಚ್‌ನಲ್ಲೇ ತೀರಿಕೊಂಡಳು. ಗಂಡನ ಅವಶೇಷವನ್ನು ತಾಯ್ನಾಡಿಗೆ ಒಯ್ಯಬೇಕೆಂಬ ಆಕೆಯ ಆಸೆಗೆ ಐರ್ಲೆಂಡ್ ಸರಕಾರ ಒಪ್ಪಿರಲಿಲ್ಲ. 1966ರಲ್ಲಿ ಫ್ಲುಂಟರ್ನ್ ಸ್ಮಶಾನದಲ್ಲಿ ಇಬ್ಬರನ್ನೂ ಒಂದೇ ಸಮಾಧಿಯಲ್ಲಿ ಇರಿಸಲಾಯಿತು. ಬಳಿಯಲ್ಲಿ ಅಮೆರಿಕದ ಶಿಲ್ಪಿ ಮಿಲ್ಟನ್ ಹೆಬಾಲ್ಡ್ ರಚಿಸಿದ ಜಾಯ್ಸ್ ಪ್ರತಿಮೆಯಿದೆ. ಕಾಲ ಮೇಲೆ ಕಾಲು ಹಾಕಿ, ಕೈಯಲ್ಲಿ ಪುಸ್ತಕ ಹಿಡಿದು ಕುಳಿತ ಭಂಗಿ. ಪ್ರತಿವರ್ಷ ಜೂನ್ 16ರಂದು ಜಗತ್ತಿನ ನಾನಾ ನಗರಗಳಲ್ಲಿ ಸಾಹಿತ್ಯಪ್ರಿಯರು ಆತನನ್ನು ನೆನೆಯುತ್ತಾರೆ.